ಗೇರ್ ಬಾಕ್ಸ್ ಇಳಿಸುವ ಮುನ್ನ

ಮಳೆಗಾಲದ ಬಿರುಸು ತಗ್ಗಿ ತೋಟದ ಕೆಲಸಗಳು ಮತ್ತೆ ಮೊದಲಾಗುವ ದಿನಗಳಲ್ಲಿ, ಮೂಡಿಗೆರೆಯಲ್ಲಾಗಲಿ ಸಕಲೇಶಪುರದಲ್ಲಾಗಲಿ ಮಡಿಕೇರಿಯಲ್ಲಾಗಲಿ, ಜೀಪು ರಿಪೇರಿಯ ಶೆಡ್ಡೊಂದರ ಮುಂದೆ ಸ್ವಲ್ಪ ಹೊತ್ತು ನಿಂತವನಿಗೆ ಕೇಳಿಬರುವ ದೂರುಗಳು ಬಹುಮಟ್ಟಿಗೆ ಮೂರೇ: ಗೇರ್ ಬೀಳುತ್ತಿಲ್ಲ; ಬಿದ್ದರೂ ಕರಕರನೆ ಸದ್ದು ಮಾಡುತ್ತದೆ; ಏರಿನಲ್ಲಿ ಇಂಜಿನ್ ಕೂಗುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಈ ಮೂರರಲ್ಲಿ ಯಾವುದನ್ನು ಹೇಳಿಕೊಂಡು ಬಂದವರಾದರೂ ಗೇರ್ ಬಾಕ್ಸ್ ಕೆಟ್ಟಿದೆಯೆಂದು ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿಕೊಂಡು, ಅದರ ಖರ್ಚಿನ ಚಿಂತೆಯನ್ನು ಮುಖದಲ್ಲಿ ಹೊತ್ತುಕೊಂಡೇ ಬಂದಿರುತ್ತಾರೆ. ಆದರೆ ಪಳಗಿದ ಮೇಸ್ತ್ರಿಯು ಗೇರ್ ಬಾಕ್ಸಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವುದು ಎಲ್ಲಕ್ಕೂ ಕಡೆಯಲ್ಲಿ. ಏಕೆಂದರೆ ಗೇರಿನ ಮೇಲೆ ಹೊರಿಸಲ್ಪಡುವ ಅಪರಾಧಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಕ್ಲಚ್ಚಿನವು, ಕ್ಲಚ್ಚಿನವೆಂದು ತೋರುವವುಗಳಲ್ಲಿಯೂ ಅನೇಕವು ಪೆಡಲಿಗೂ ಕ್ಲಚ್ಚಿಗೂ ನಡುವೆ ಇರುವ ಕೇಬಲ್ಲು, ಕಡ್ಡಿ, ಆಯಿಲ್ ಪೈಪುಗಳವು, ಇನ್ನು ಕೆಲವು ಪೆಡಲಿನ ಮೇಲಿಟ್ಟ ಕಾಲಿನವು ಎಂಬುದನ್ನು ಅವನು ಬಲ್ಲನು. ದೋಷವನ್ನು ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ ಹುಡುಕುತ್ತ ಹೋಗುವ ಆ ಕ್ರಮವನ್ನು ಜೀಪಿನ ಮಾಲೀಕರೂ ಚಾಲಕರೂ ಅರಿತಿದ್ದರೆ ಹಣವೂ ದಿನಗಳೂ ಉಳಿಯುತ್ತವೆ.

ಎರಡನೆಯ ಮಹಾಯುದ್ಧದ ನಿಮಿತ್ತವಾಗಿ ಅಮೆರಿಕೆಯಲ್ಲಿ ರೂಪುಗೊಂಡ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಯ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸಲು ತೊಡಗಿದ ಮೇಲೆ, ಘಟ್ಟದ ಕಾಫಿ ತೋಟಗಳ ಕಲ್ಲುಮಣ್ಣಿನ ದಾರಿಗೆ ಅದಕ್ಕಿಂತ ಒಗ್ಗಿದ ವಾಹನ ಬೇರೊಂದಿಲ್ಲವೆಂಬ ಭಾವನೆ ಜನರಲ್ಲಿ ಬೇರೂರಿತು. 1985ರಲ್ಲಿ ಮಾರುತಿಯ ಜಿಪ್ಸಿಯೂ 2010ರಲ್ಲಿ ಮಹೀಂದ್ರದವರದೇ ಥಾರ್ ವಾಹನವೂ ಬಂದ ತರುವಾಯವೂ ಹಳೆಯ ಜೀಪುಗಳು ಮೂಲೆ ಸೇರಲಿಲ್ಲ. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಪ್ರವಾಸಿಗಳನ್ನು ಹೊತ್ತು ಏರುವ ಜೀಪುಗಳನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಇವೆಲ್ಲವುಗಳಲ್ಲಿಯೂ ಕ್ಲಚ್ಚಿನ ತತ್ತ್ವ ಒಂದೇ, ಅದನ್ನು ಕಾಲಿನಿಂದ ಆಡಿಸುವ ಏರ್ಪಾಡು ಮಾತ್ರ ಬೇರೆ ಬೇರೆ: ಹಳೆಯ ಜೀಪಿನಲ್ಲಿ ಕಡ್ಡಿಗಳೂ ಒಂದು ತುಂಡು ಕೇಬಲ್ಲೂ, ಜಿಪ್ಸಿಯಲ್ಲಿ ಉದ್ದನೆಯ ಕೇಬಲ್ಲು, ಈಚಿನ ಥಾರಿನಲ್ಲಿ ಆಯಿಲಿನ ಒತ್ತಡ.

ತತ್ತ್ವವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಇಂಜಿನ್ನಿನೊಡನೆ ಸದಾ ತಿರುಗುವ ಫ್ಲೈವೀಲಿಗೂ ಅದಕ್ಕೆ ಬೋಲ್ಟಿನಿಂದ ಬಿಗಿದ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿದ್ದು, ಅದರ ಮಧ್ಯದ ಹಲ್ಲುಗಳ ಮೂಲಕ ಗೇರ್ ಬಾಕ್ಸಿನ ಮೊದಲ ಶಾಫ್ಟು ತಿರುಗುತ್ತದೆ. ಪೆಡಲನ್ನು ಒತ್ತಿದಾಗ ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳಿ, ಪ್ರೆಷರ್ ಪ್ಲೇಟಿನ ಹಿಡಿತವನ್ನು ಸಡಿಲಿಸಿ, ನಡುವಣ ಪ್ಲೇಟನ್ನು ಬಿಡುಗಡೆ ಮಾಡುತ್ತದೆ. ಪೆಡಲನ್ನು ಪೂರ್ಣ ಒತ್ತಿದಾಗ ಪ್ಲೇಟು ಪೂರ್ಣವಾಗಿ ಬಿಡಬೇಕು, ಪೂರ್ಣ ಬಿಟ್ಟಾಗ ಪೂರ್ಣವಾಗಿ ಹಿಡಿಯಬೇಕು. ಕ್ಲಚ್ಚಿನ ವ್ಯಾಧಿಗಳೆಲ್ಲ ಬಹುತೇಕ ಈ ಎರಡರಲ್ಲಿ ಒಂದು ತಪ್ಪಿದುದರ ಫಲ.

ಇಂಜಿನ್ ನಿಲ್ಲಿಸಿ ನೋಡುವುದು

ಗೇರ್ ಬೀಳದೆಂದು ದೂರುತ್ತ ಬಂದವರನ್ನು ಶೆಡ್ಡಿನ ಮೇಸ್ತ್ರಿಯು ಕೇಳುವ ಮೊದಲ ಪ್ರಶ್ನೆ, “ಇಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದ್ರಾ ಸಾರ್?” ಎಂಬುದು, “ಇಲ್ಲ ಮಾರಾಯ, ಸ್ಟಾರ್ಟಿದ್ದಾಗಲೇ ಬೀಳ್ತಿಲ್ಲ, ಆಫ್ ಮಾಡಿ ಏನ್ ಮಾಡೋದು?” ಎಂಬುದು ಬಹುಮಂದಿಯ ಉತ್ತರ. ವಾಸ್ತವವಾಗಿ ಈ ಪ್ರಶ್ನೆಯಲ್ಲೇ ಅರ್ಧ ಪರೀಕ್ಷೆ ಅಡಗಿದೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆರಿಸಿದ ಸ್ಥಿತಿಯಲ್ಲಿ ಒಂದೊಂದೇ ಗೇರನ್ನು ಹಾಕಿ ತೆಗೆದು ನೋಡತಕ್ಕದ್ದು. ಇಂಜಿನ್ ನಿಂತಿರುವಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಇಂಜಿನ್ ಓಡುತ್ತಿರುವಾಗ ಮಾತ್ರ ಬೀಳದೆ ಹಟ ಹಿಡಿದರೆ, ದೋಷವಿರುವುದು ಕ್ಲಚ್ಚು ಪೂರ್ಣವಾಗಿ ಬಿಡದಿರುವುದರಲ್ಲಿ. ಇಂಜಿನ್ ನಿಂತಾಗಲೂ ಬೀಳದಿದ್ದರೆ ಗೇರ್ ಲಿವರು, ಅದರ ಕೆಳಗಣ ಕಡ್ಡಿಗಳು, ಅಥವಾ ಪೆಟ್ಟಿಗೆಯ ಒಳಗೇ ಏನೋ ತೊಡಕಿದೆಯೆಂದು ಭಾವಿಸಬೇಕು. ಆದರೆ ನಿಂತ ಗಾಡಿಯಲ್ಲಿ ಎರಡು ಗೇರುಗಳ ಹಲ್ಲುಗಳು ಎದುರುಬದುರಾಗಿ ನಿಂತುಬಿಟ್ಟಿದ್ದರೆ ಸುಸ್ಥಿತಿಯಲ್ಲಿರುವ ಗೇರೂ ಒಮ್ಮೆ ಬೀಳದಿರಬಹುದು. ಕಲ್ಲು ಸರಿಸಿ, ಗಾಡಿಯನ್ನು ಗೇಣುದ್ದ ಹಿಂದೆಮುಂದೆ ತಳ್ಳಿ ಮತ್ತೊಮ್ಮೆ ನೋಡದೆ ತೀರ್ಪು ಕೊಡಕೂಡದು.

ಎರಡನೆಯ ಪರೀಕ್ಷೆ ರಿವರ್ಸ್ ಗೇರಿನದು. ಇಂಜಿನನ್ನು ತನ್ನ ಪಾಡಿಗೆ ಮಂದವಾಗಿ ಓಡಬಿಟ್ಟು, ಕ್ಲಚ್ಚನ್ನು ನೆಲಕ್ಕೆ ಮುಟ್ಟುವಂತೆ ಒತ್ತಿ, ಒಡನೆಯೇ ಅಲ್ಲದೆ ನಾಲ್ಕೈದು ಸೆಕೆಂಡು ತಾಳಿ, ಆಮೇಲೆ ರಿವರ್ಸಿಗೆ ಹಾಕಬೇಕು. ಬಹಳಷ್ಟು ಗಾಡಿಗಳಲ್ಲಿ ರಿವರ್ಸಿಗೆ, ಹಲ್ಲುಗಳ ವೇಗವನ್ನು ಮೊದಲೇ ಸಮಮಾಡುವ ಸಿಂಕ್ರೊಮೆಶ್ ಇರುವುದಿಲ್ಲವಾದ್ದರಿಂದ ಅದು ಸುಳ್ಳು ಹೇಳುವುದಿಲ್ಲ: ತಾಳಿ ಹಾಕಿದರೂ ಕರಕರ ಎಂದರೆ ಕ್ಲಚ್ ಪ್ಲೇಟು ಇನ್ನೂ ತಿರುಗುತ್ತಲೇ ಇದೆ. ತಾಳದೆ ಹಾಕಿದಾಗ ಮಾತ್ರ ಸದ್ದಾಗಿ, ತಾಳಿದಾಗ ನಿಶ್ಶಬ್ದವಾಗಿ ಬಿದ್ದರೆ, ಅದು ಗಾಡಿಯ ರೋಗವಲ್ಲ, ಚಾಲಕನ ಅವಸರ. ಇನ್ನೊಂದು ಸೂಚನೆಯನ್ನೂ ಇಲ್ಲಿಯೇ ಗಮನಿಸಬಹುದು: ಎಲ್ಲ ಗೇರುಗಳೂ ಸದ್ದು ಮಾಡಿದರೆ ಕ್ಲಚ್ಚನ್ನು ಸಂಶಯಿಸಬೇಕು, ಎರಡನೆಯದೋ ಮೂರನೆಯದೋ ಯಾವುದಾದರೂ ಒಂದೇ ಗೇರು ಸದ್ದು ಮಾಡಿದರೆ ಆ ಗೇರಿನ ಸಿಂಕ್ರೊ ರಿಂಗು ಸವೆದಿರುವ ಸಂಭವ ಹೆಚ್ಚು.

ಕ್ಲಚ್ಚು ಬಿಡದಿರುವಾಗ

ಕೇಬಲ್ಲಿನ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಪೆಡಲಿನ ಪ್ಲೇ, ಅಂದರೆ ಕೈಬೆರಳಿನಿಂದ ಒತ್ತಿದಾಗ ನಿಜವಾದ ಬಿಗಿ ಸಿಕ್ಕುವ ಮೊದಲು ಪೆಡಲು ಸಡಿಲವಾಗಿ ಚಲಿಸುವ ದೂರ. ಹಳೆಯ ಜೀಪುಗಳಲ್ಲಿ ಇದು ಸ್ಥೂಲವಾಗಿ ಮುಕ್ಕಾಲು ಅಂಗುಲದಿಂದ ಒಂದು ಅಂಗುಲದಷ್ಟಿದ್ದರೆ ಸರಿ. ಆಯಾ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಯೇ ಪ್ರಮಾಣ. ಪ್ಲೇ ಹೆಚ್ಚಾದರೆ ಪೆಡಲಿನ ಪ್ರಯಾಣವೆಲ್ಲ ಸಡಿಲವನ್ನು ನೀಗುವುದರಲ್ಲೇ ವ್ಯಯವಾಗಿ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಕಡಿಮೆಯಾದರೆ ಪೂರ್ತಿ ಹಿಡಿಯುವುದಿಲ್ಲ. ಫೋರ್ಕಿನ ತುದಿಯಲ್ಲಿ ಕೇಬಲ್ಲಿಗಿರುವ ನಟ್ಟನ್ನು ತಿರುಗಿಸಿ ಇದನ್ನು ಹೊಂದಿಸಲು ಎರಡು ಸ್ಪ್ಯಾನರೂ ಒಂದಿಷ್ಟು ಸಹನೆಯೂ ಸಾಕು. ಆದರೂ ಇಷ್ಟು ಮಾತ್ರದಿಂದ ತೀರುವ ತೊಂದರೆಗಾಗಿ ಗೇರ್ ಬಾಕ್ಸನ್ನೇ ನೆಲಕ್ಕಿಳಿಸಿದ ನಿದರ್ಶನಗಳು ಎಲ್ಲ ಶೆಡ್ಡುಗಳಲ್ಲಿಯೂ ಸಿಗುತ್ತವೆ. ಕೇಬಲ್ಲನ್ನು ನೋಡುವಾಗ ಅದರ ನಡುವಣ ಭಾಗವನ್ನು ಸವರಿ ನೋಡಿ ತೃಪ್ತಿಪಡದೆ ಎರಡು ತುದಿಗಳನ್ನೂ ಬೆಳಕು ಹಿಡಿದು ಪರಿಶೀಲಿಸಬೇಕು. ಅದು ಹರಿಯುವುದು ತುದಿಯಲ್ಲಿ, ಗುಂಡಿನ ಬುಡದಲ್ಲಿ, ಒಂದೊಂದೇ ಎಳೆಯಾಗಿ. ತುಂಡಾದ ಎಳೆಗಳು ಹೊರಕ್ಕೆ ಚಾಚಿ ಬೆರಳಿಗೆ ಚುಚ್ಚುತ್ತಿದ್ದರೆ, ಉಳಿದ ಎಳೆಗಳು ಇನ್ನೊಂದು ವಾರ ತಾಳುತ್ತವೆಯೆಂಬ ಭರವಸೆಯಲ್ಲಿ ಘಾಟಿ ಹತ್ತುವುದು ಜಾಣತನವಲ್ಲ. ಹಳೆಯ ಜೀಪಿನ ಕಡ್ಡಿಗಳಲ್ಲಿ ಪಿನ್ನುಗಳೂ ಅವು ಕೂರುವ ತೂತುಗಳೂ ಸವೆದು ಅಂಡಾಕಾರವಾಗಿರುವುದುಂಟು. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಎಲ್ಲ ಕೂಡಿದಾಗ ಪೆಡಲಿನಲ್ಲಿ ಅಂಗುಲಗಟ್ಟಲೆಯಾಗಿ ತೋರುತ್ತದೆ, ಅದನ್ನು ನಟ್ಟಿನಿಂದ ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಆಯಿಲಿನ ಕ್ಲಚ್ಚುಳ್ಳ ಗಾಡಿಯ ಪೆಡಲು ಒಮ್ಮೆ ಒತ್ತಿದಾಗ ಕೆಲಸ ಮಾಡದೆ, ಮೂರು ನಾಲ್ಕು ಸಲ ಬೇಗಬೇಗನೆ ತುಳಿದಾಗ ಮಾತ್ರ ಗೇರ್ ಬೀಳುವಂತಾದರೆ, ಪೈಪಿನಲ್ಲಿ ಗಾಳಿ ಸೇರಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಶೆಡ್ಡಿನವರು ಇದನ್ನು ಏರ್ ಹಿಡಿದಿದೆ ಎನ್ನುತ್ತಾರೆ. ಆದರೆ ಗಾಳಿ ಒಳಹೊಕ್ಕ ದಾರಿಯನ್ನು ಹುಡುಕದೆ ಗಾಳಿಯನ್ನು ಮಾತ್ರ ತೆಗೆದರೆ ಎರಡೇ ದಿನದಲ್ಲಿ ಮತ್ತೆ ಅದೇ ಕಥೆಯಾಗುವುದು. ಆದಕಾರಣ ಮೊದಲು ಬಾನೆಟ್ಟನ್ನೆತ್ತಿ ಫ್ಲೂಯಿಡ್ ಡಬ್ಬಿಯ ಮಟ್ಟವನ್ನು ನೋಡಿ, ತರುವಾಯ ಪೆಡಲಿನ ಹಿಂದಣ ಮಾಸ್ಟರ್ ಸಿಲಿಂಡರಿನ ಬಳಿ ಕಾರ್ಪೆಟ್ಟು ಒದ್ದೆಯಾಗಿದೆಯೇ ಎಂದು ಮುಟ್ಟಿ, ಆಮೇಲೆ ಕೆಳಗೆ ನುಸುಳಿ, ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಹಿಂದಕ್ಕೆ ಮಡಿಸಿ ನೋಡಬೇಕು. ಟೊಪ್ಪಿಯೊಳಗಿಂದ ಫ್ಲೂಯಿಡ್ ತೊಟ್ಟಿಕ್ಕಿದರೆ ಒಳಗಿನ ವಾಷರು ಹೋಗಿದೆಯೆಂಬುದರಲ್ಲಿ ಸಂಶಯವಿಲ್ಲ. (ಮಳೆಗಾಲದಲ್ಲಿ ಹುಲ್ಲಿನ ಮೇಲೆ ಮಲಗಿ ಈ ಪರೀಕ್ಷೆ ಮಾಡುವವರು ಗೋಣಿಚೀಲ ಹಾಸಿಕೊಳ್ಳುವುದೊಳ್ಳೆಯದು, ಇಂಬಳಗಳಿಗೆ ಯಂತ್ರಶಾಸ್ತ್ರದಲ್ಲಿ ಗೌರವವಿಲ್ಲ.) ಹೊರಗೆಲ್ಲಿಯೂ ಸೋರಿಕೆ ಕಾಣದೆ ಪೆಡಲು ಮಾತ್ರ ಮೆಲ್ಲಮೆಲ್ಲನೆ ಕುಸಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗೇ ವಾಷರು ದಾಟಿ ಫ್ಲೂಯಿಡ್ ಹಿಂದಕ್ಕೆ ಹರಿಯುತ್ತಿದೆಯೆಂದು ಊಹಿಸಬಹುದು.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬನು ಪೆಡಲನ್ನು ನಿಧಾನವಾಗಿ ಕೆಲವು ಸಲ ತುಳಿದು ಕಡೆಯಲ್ಲಿ ಒತ್ತಿ ಹಿಡಿಯಬೇಕು; ಇನ್ನೊಬ್ಬನು ಕೆಳಗೆ, ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ ಪಾರದರ್ಶಕವಾದ ರಬ್ಬರ್ ನಳಿಗೆಯನ್ನು ತೊಡಿಸಿ ಅದರ ಇನ್ನೊಂದು ತುದಿಯನ್ನು ಸ್ವಲ್ಪ ಫ್ಲೂಯಿಡ್ ಇರುವ ಸೀಸೆಯಲ್ಲಿ ಮುಳುಗಿಸಿ, ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಗುಳ್ಳೆಗಳೊಡನೆ ಫ್ಲೂಯಿಡ್ ಹೊರಬಂದ ಮೇಲೆ ಬಿಗಿದು, ಅನಂತರವೇ ಪೆಡಲನ್ನು ಬಿಡಲು ಕೂಗಿ ಹೇಳಬೇಕು. ಈ ಅನುಕ್ರಮ ತಪ್ಪಿ ನಿಪ್ಪಲ್ ತೆರೆದಿರುವಾಗಲೇ ಪೆಡಲ್ ಬಿಟ್ಟರೆ, ಹೊರಹಾಕಿದ ಗಾಳಿ ಮತ್ತೆ ಒಳಕ್ಕೇ ಹೋಗುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮಾಡುತ್ತ, ಮೇಲಿನ ಡಬ್ಬಿ ಬರಿದಾಗದಂತೆ ನಡುನಡುವೆ ತುಂಬುತ್ತಿರಬೇಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದೋ ಡಾಟ್ 4 ಎಂದೋ ಬರೆದಿರುವುದನ್ನೇ ಅನುಸರಿಸತಕ್ಕದ್ದು. ದಾರಿಯಲ್ಲಿ ಬೇರೇನೂ ಸಿಗಲಿಲ್ಲವೆಂದು ಇಂಜಿನ್ ಆಯಿಲ್ ಸುರಿದವರು ಒಳಗಿನ ರಬ್ಬರುಗಳೆಲ್ಲ ಊದಿಕೊಂಡು ಇಡೀ ಏರ್ಪಾಡನ್ನೇ ಬದಲಿಸಬೇಕಾದ ಸ್ಥಿತಿಗೆ ಬರುತ್ತಾರೆ. ಈ ಫ್ಲೂಯಿಡಿಗೆ ಹವೆಯಲ್ಲಿನ ತೇವವನ್ನು ಹೀರುವ ಗುಣವಿದೆ. ತಿಂಗಳುಗಟ್ಟಲೆ ಮಳೆ ಸುರಿಯುವ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುವುದು ಅತಿ ಎಚ್ಚರಿಕೆಯೆನಿಸದು. ಕೆಲವು ವಾಹನಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಡಬ್ಬಿ ಒಂದೇ ಆಗಿರುವುದರಿಂದ, ಕ್ಲಚ್ಚಿನ ಸೋರಿಕೆಯನ್ನು ಉಪೇಕ್ಷಿಸಿದವನು ಬ್ರೇಕನ್ನೂ ಪಣಕ್ಕಿಟ್ಟಂತೆ ಆಗುತ್ತದೆ.

ಕೇಬಲ್ಲೂ ಸರಿಯಾಗಿದ್ದು ಫ್ಲೂಯಿಡೂ ಸರಿಯಾಗಿದ್ದು ಕ್ಲಚ್ಚು ಬಿಡದಿದ್ದರೆ, ಗಾಡಿ ಎಷ್ಟು ದಿನ ನಿಂತಿತ್ತೆಂದು ಕೇಳಬೇಕು. ಹಳ್ಳ ದಾಟಿದ ಜೀಪಿನಲ್ಲಿ ಕ್ಲಚ್ಚನ್ನು ಸುತ್ತುವರಿದ ಬೆಲ್ ಹೌಸಿಂಗಿನೊಳಗೆ ನೀರೂ ಕೆಸರೂ ಸೇರಿರುತ್ತವೆ. ಹಾಗೆಯೇ ತಂದು ಶೆಡ್ಡಿನಲ್ಲಿ ನಿಲ್ಲಿಸಿ ಮಳೆಗಾಲವೆಲ್ಲ ಮುಟ್ಟದೆ ಬಿಟ್ಟರೆ, ಫ್ಲೈವೀಲಿನ ಮುಖ ತುಕ್ಕು ಹಿಡಿದು ಪ್ಲೇಟು ಅದಕ್ಕೆ ಅಂಟಿಕೊಳ್ಳುತ್ತದೆ. ಬೆಲ್ ಹೌಸಿಂಗಿನ ತಳದಲ್ಲಿ ಒಂದು ಚಿಕ್ಕ ತೂತಿರುವುದು ಈ ನೀರು ಇಳಿದುಹೋಗಲೆಂದೇ. ಅದಕ್ಕೆ ಕಡ್ಡಿ ತೂರಿಸಿ ನೋಡಿದರೆ ಒಣಗಿದ ಕೆಂಪುಮಣ್ಣು ಬೆಣೆಯಂತೆ ಗಟ್ಟಿಯಾಗಿ ಕುಳಿತಿರುವುದು ಎಷ್ಟೋ ತೋಟದ ಜೀಪುಗಳಲ್ಲಿ ಕಾಣಸಿಗುತ್ತದೆ. ಮಣ್ಣು ಉದುರಿದೊಡನೆ ತುಕ್ಕು ಬೆರೆತ ನೀರು ಕೆಳಗೆ ಸುರಿದರೆ ರೋಗದ ಮೂಲ ಸಿಕ್ಕಿತೆಂದೇ ತಿಳಿಯಬಹುದು. ಅಂಟಿದ ಪ್ಲೇಟನ್ನು ಬಿಡಿಸಲು, ಇಂಜಿನನ್ನು ಚೆನ್ನಾಗಿ ಬಿಸಿಯಾಗಬಿಟ್ಟು ಆರಿಸಿ, ಎದುರಿಗೆ ಯಾರೂ ಏನೂ ಇಲ್ಲದ ವಿಶಾಲವಾದ ಬಯಲಿನಲ್ಲಿ, ಎರಡನೆಯ ಗೇರಿನಲ್ಲಿಯೇ ಕ್ಲಚ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ, ಚಲಿಸುತ್ತಿರುವಾಗ ಆಕ್ಸಿಲರೇಟರನ್ನು ಒತ್ತಿ ಬಿಡುತ್ತ ನಡುನಡುವೆ ಬ್ರೇಕ್ ತಾಗಿಸಿದರೆ, ಆ ಜಗ್ಗಾಟಕ್ಕೆ ಪ್ಲೇಟು ಕಿತ್ತುಬರುವುದು ಸಾಮಾನ್ಯ. ಬರದಿದ್ದರೆ ಮಾತ್ರ ಬಿಚ್ಚಬೇಕು.

ಕ್ಲಚ್ಚು ಹಿಡಿಯದಿರುವಾಗ

ಕ್ಲಚ್ಚು ಬಿಡದಿರುವುದಕ್ಕೆ ವಿರುದ್ಧವಾದ ದೋಷವೆಂದರೆ ಜಾರುವಿಕೆ. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಏರಿನಲ್ಲಿ, ಹೊರೆಯಿದ್ದಾಗ, ಮೇಲಿನ ಗೇರಿನಲ್ಲಿ ಇದು ಮೊದಲು ಪ್ರಕಟವಾಗುತ್ತದೆ. ಇನ್ನೂ ಮುಂದುವರಿದರೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಸಂಶಯ ನಿವಾರಣೆಗೆ, ಸಮನೆಲದಲ್ಲಿ ಹ್ಯಾಂಡ್ ಬ್ರೇಕ್ ಬಲವಾಗಿ ಎಳೆದು, ಬಲಗಾಲಿನಿಂದ ಬ್ರೇಕನ್ನೂ ಒತ್ತಿ ಹಿಡಿದು, ಮೂರನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಇಂಜಿನ್ ಒಡನೆ ಆರಿದರೆ ಕ್ಲಚ್ಚಿಗೆ ಹಿಡಿತವುಂಟು. ಆರದೆ ಓಡುತ್ತಲೇ ಇದ್ದರೆ ಹಿಡಿತ ಹೋಗಿದೆ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು, ಬಂದವರಿಗೆಲ್ಲ ತೋರಿಸುವ ಪ್ರದರ್ಶನವಾಗಿ ಮಾಡಿದರೆ ಪ್ಲೇಟಿನ ಮೇಲೆ ಉಳಿದಿದ್ದ ಅಲ್ಪಸ್ವಲ್ಪ ಲೈನಿಂಗೂ ಬೂದಿಯಾಗುತ್ತದೆ.

ಜಾರುವ ಕ್ಲಚ್ಚೆಲ್ಲ ಸವೆದ ಕ್ಲಚ್ಚಲ್ಲ. ಪ್ಲೇಟು ಸವೆದಂತೆಲ್ಲ ಕೇಬಲ್ಲಿನ ಪ್ಲೇ ತಾನಾಗಿಯೇ ಕಡಿಮೆಯಾಗುತ್ತ ಬರುವುದರಿಂದ, ಹಲವು ತಿಂಗಳು ಹೊಂದಿಸದೆ ಬಿಟ್ಟ ಗಾಡಿಯಲ್ಲಿ ಪೆಡಲಿಗೆ ಸಡಿಲವೇ ಉಳಿದಿರುವುದಿಲ್ಲ. ರಿಲೀಸ್ ಬೇರಿಂಗು ಸದಾ ಒತ್ತಿಕೊಂಡಿದ್ದು, ಚಾಲಕನು ಕಾಲಿಡದಿದ್ದರೂ ಕ್ಲಚ್ಚು ಅರ್ಧ ಬಿಟ್ಟೇ ಇರುತ್ತದೆ. ಆಯಿಲಿನ ಕ್ಲಚ್ಚಿನಲ್ಲಿಯೂ ಮಾಸ್ಟರ್ ಸಿಲಿಂಡರಿನ ಕಡ್ಡಿಗೆ ಕಿಂಚಿತ್ ಸಡಿಲವಿರದಿದ್ದರೆ ಫ್ಲೂಯಿಡ್ ಹಿಂದಕ್ಕೆ ಬರಲಾರದೆ ಇದೇ ಪರಿಣಾಮವಾಗುತ್ತದೆ. ಪ್ಲೇ ಸರಿಯಿದ್ದೂ ಜಾರಿದರೆ, ಬೆಲ್ ಹೌಸಿಂಗಿನ ಆ ತಳದ ತೂತಿನಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆಯೇ ಎಂದು ನೋಡತಕ್ಕದ್ದು. ಕಪ್ಪಾಗಿ ತೆಳುವಾಗಿದ್ದರೆ ಅದು ಇಂಜಿನ್ನಿನ ಹಿಂದಣ ಸೀಲಿನಿಂದ ಬಂದುದು. ಮಂದವಾಗಿ ಗಂಧಕದ ಘಾಟು ಹೊಡೆಯುತ್ತಿದ್ದರೆ ಗೇರ್ ಬಾಕ್ಸಿನ ಮುಂದಣ ಸೀಲಿನಿಂದ. ಆಯಿಲ್ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ನನ್ನ ಮಟ್ಟಿಗೆ ಅದು ಮಿತವ್ಯಯದ ವೇಷದಲ್ಲಿರುವ ದುಂದು. ಬಿಸಿಯೇರಿದೊಡನೆ ಒಳಗೆ ಇಂಗಿದ ಆಯಿಲ್ ಮತ್ತೆ ಮೇಲಕ್ಕೆ ಬರುತ್ತದೆ.

ಉಳಿದದ್ದು ಕಾಲಿನ ಅಭ್ಯಾಸ. ಏರಿನಲ್ಲಿ ನಿಂತ ಗಾಡಿಯನ್ನು ಬ್ರೇಕಿನಿಂದ ಹಿಡಿಯದೆ ಹಾಫ್ ಕ್ಲಚ್ಚಿನಲ್ಲಿ ತೂಗಿಸಿ ನಿಲ್ಲಿಸುವುದು ಕೆಲವರಿಗೆ ನೈಪುಣ್ಯದ ಪ್ರದರ್ಶನ. ಆ ಪ್ರದರ್ಶನದ ಒಂದೊಂದು ಕ್ಷಣವೂ ಲೈನಿಂಗಿನ ಆಯುಸ್ಸಿನಿಂದ ಕಳೆದದ್ದು. ಕಲ್ಲುದಾರಿಯಲ್ಲಿ ಹೈ ಗೇರಿನ ಸಾಲಿನಲ್ಲಿಯೇ ಫಸ್ಟ್ ಹಾಕಿಕೊಂಡು ಕ್ಲಚ್ಚನ್ನು ಒತ್ತುತ್ತ ಬಿಡುತ್ತ ಸಾಗುವವರು, ಜೀಪಿಗೆ ಲೋ ಎಂಬುದೊಂದನ್ನು ಏತಕ್ಕೆ ಕೊಟ್ಟಿದ್ದಾರೆಂದು ಯೋಚಿಸುವುದಿಲ್ಲ. ಯುದ್ಧಾನಂತರ ನಾಗರಿಕರಿಗಾಗಿ ಬಂದ ವಿಲ್ಲೀಸ್ ಜೀಪುಗಳ, ಹೈ ಲೋ ಸಾಲುಗಳನ್ನು ಬದಲಿಸುವ, ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಅನುಪಾತ ಸುಮಾರು 2.46, ಅಂದರೆ ಅದೇ ಇಂಜಿನ್ ವೇಗಕ್ಕೆ ಗಾಡಿ ಸುಮಾರು ಎರಡೂವರೆ ಪಾಲು ನಿಧಾನವಾಗಿ, ಅಷ್ಟೇ ಪಾಲು ಹೆಚ್ಚು ಬಲದಿಂದ ತೆವಳುತ್ತದೆ, ಹೀಗಾಗಿ ಕಲ್ಲಿನ ಮೇಲೆ ಏರಲು ಕ್ಲಚ್ಚಿನ ಸಹಾಯವೇ ಬೇಡ. ಇಳಿಜಾರಿನಲ್ಲಂತೂ ಲೋ ಫಸ್ಟಿನಲ್ಲಿ ಇಳಿಯುವಾಗ ಎಡಗಾಲನ್ನು ಪೆಡಲಿನಿಂದ ದೂರವಿಡಬೇಕು. ಭಯದಿಂದ ಕ್ಲಚ್ ಒತ್ತಿದವನು ಇಂಜಿನ್ನಿನ ತಡೆಯನ್ನು ತಾನೇ ಕಳೆದುಕೊಳ್ಳುತ್ತಾನೆ.

ಸದ್ದುಗಳನ್ನು ಕುರಿತು ಎರಡು ಮಾತು ಸಾಕು. ಪೆಡಲ್ ಒತ್ತಿದಾಗ ಹುಟ್ಟಿ ಬಿಟ್ಟಾಗ ಅಡಗುವ ಕಿರುಚು ರಿಲೀಸ್ ಬೇರಿಂಗಿನದು. ನ್ಯೂಟ್ರಲ್ಲಿನಲ್ಲಿ ಪೆಡಲ್ ಬಿಟ್ಟಿರುವಾಗ ಕೇಳಿಸಿ ಒತ್ತಿದಾಗ ಅಡಗುವ ಗೊರಗೊರ ಸದ್ದು ಗೇರ್ ಬಾಕ್ಸಿನ ಮೊದಲ ಶಾಫ್ಟಿನ ಬೇರಿಂಗಿನದು. ಗಾಡಿ ಹೊರಡುವಾಗ ಮೈಯೆಲ್ಲ ನಡುಗಿದರೆ ಪ್ಲೇಟಿಗಿಂತ ಮೊದಲು ಇಂಜಿನ್ ಮೌಂಟಿನ ರಬ್ಬರುಗಳನ್ನು ನೋಡುವುದು ಲೇಸು.

ಪೆಟ್ಟಿಗೆಯ ಸರದಿ

ಕ್ಲಚ್ಚು ನಿರ್ದೋಷಿಯೆಂದು ಸ್ಥಿರಪಟ್ಟ ಮೇಲೂ ಗೇರ್ ಬಾಕ್ಸಿನ ಆಯಿಲನ್ನು ನೋಡದೆ ಬಾಕ್ಸನ್ನು ಇಳಿಸಕೂಡದು. ಆಯಿಲಿನ ಬಣ್ಣ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಕೂಡಲೇ ಬದಲಿಸಿ, ಗಾಳಿಯಾಡುವ ಬ್ರೀದರ್ ತೂತು ಕಟ್ಟಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಡ್ರೇನ್ ಪ್ಲಗ್ಗಿನಲ್ಲಿ ಹುಡಿಯಂಥ ಲೋಹ ಸ್ವಲ್ಪವಿದ್ದರೆ ಅದು ಸಹಜ ಸವೆತ. ಹಲ್ಲಿನ ಚೂರುಗಳಿದ್ದರೆ ಮಾತ್ರ ಪೆಟ್ಟಿಗೆ ಬಿಚ್ಚುವ ಮಾತನ್ನಾಡಬಹುದು. ಆಯಿಲಿನ ಜಾತಿಯೂ ಮುಖ್ಯ: ಜಿಎಲ್-5 ಹೊಸದು, ಆದ್ದರಿಂದ ಉತ್ತಮವೆಂದು ಭಾವಿಸಿ ಹಳೆಯ ಪೆಟ್ಟಿಗೆಗೆ ತುಂಬುವವರಿದ್ದಾರೆ. ಡಿಫರೆನ್ಷಿಯಲ್ಲಿಗೆ ಹಿತವಾದ ಅದರ ಗಂಧಕಯುಕ್ತ ದ್ರವ್ಯಗಳು ಕಂಚು ಹಿತ್ತಾಳೆಗಳ ಸಿಂಕ್ರೊ ರಿಂಗುಗಳಿಗೆ ಹಾನಿ ಮಾಡಬಲ್ಲವು, ಅತಿ ಜಾರುವಿಕೆಯಿಂದ ಅವುಗಳ ಕೆಲಸವನ್ನೂ ಕೆಡಿಸುತ್ತವೆ. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಹಾಕತಕ್ಕದ್ದು. ಹಳೆಯ ಜೀಪುಗಳಲ್ಲಿ ಗೇರ್ ಬಾಕ್ಸಿನ ಆಯಿಲ್ ಹಿಂದಣ ಸೀಲನ್ನು ದಾಟಿ ಟ್ರಾನ್ಸ್‌ಫರ್ ಕೇಸಿಗೆ ವಲಸೆ ಹೋಗುವುದುಂಟು, ಆದುದರಿಂದ ಒಂದರ ಮಟ್ಟ ನೋಡಿ ಇನ್ನೊಂದು ಸರಿಯಿದೆಯೆಂದು ಊಹಿಸುವಂತಿಲ್ಲ.

ಹಳೆಯ ಮೂರು ಗೇರಿನ ಜೀಪಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊಮೆಶ್ಶೇ ಇರಲಿಲ್ಲವೆಂಬುದನ್ನು ಹೊಸ ಗಾಡಿಗಳಲ್ಲಿ ಪಳಗಿದವರು ಮರೆಯುತ್ತಾರೆ. ಚಲಿಸುತ್ತಿರುವಾಗ ಸೆಕೆಂಡಿನಿಂದ ಫಸ್ಟಿಗೆ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಮ್ಮೆ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಹಳಬರ ಡಬಲ್ ಕ್ಲಚ್ ಇದೇ. ಹಾಗೆ ಮಾಡದೆ ಸದ್ದಾಯಿತೆಂದು ರಿಪೇರಿಗೆ ತರುವುದು ನ್ಯಾಯವಲ್ಲ. ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬೀಳುವ ದೋಷ ಮಾತ್ರ ನಿಜಕ್ಕೂ ಅಪಾಯಕಾರಿ. ಮೇಲಿನ ಕವರಿನಲ್ಲಿರುವ ಸ್ಪ್ರಿಂಗು ಗುಂಡುಗಳು ಸೋತಿದ್ದರೆ ಅದು ಸುಲಭದ ಕೆಲಸ. ಗೇರ್ ಬಾಕ್ಸನ್ನು ಬೆಲ್ ಹೌಸಿಂಗಿಗೆ ಹಿಡಿದ ಬೋಲ್ಟುಗಳು ಸಡಿಲವಾಗಿದ್ದರೆ ಇನ್ನೂ ಸುಲಭ. ಶಿಫ್ಟ್ ಫೋರ್ಕೋ ಗೇರಿನ ಹಲ್ಲೋ ಸವೆದಿದ್ದರೆ ಬಿಚ್ಚದೆ ಗತ್ಯಂತರವಿಲ್ಲ. ಅಲ್ಲಿಯವರೆಗೆ ಲಿವರನ್ನು ಕೈಯಿಂದ ಒತ್ತಿ ಹಿಡಿದು ಘಾಟಿ ಇಳಿಯುವ ಸಾಹಸ ಬೇಡ. ಲಿವರು ಎರಡು ಗೇರುಗಳ ನಡುವೆ ಸಿಕ್ಕಿ ಅಲುಗದಿದ್ದರೆ, ಮೇಲಿನ ಕವರನ್ನು ಬಿಚ್ಚಿ ಒಳಗಣ ರೈಲುಗಳ ಕಚ್ಚುಗಳನ್ನು ಸ್ಕ್ರೂಡ್ರೈವರಿನಿಂದ ಒಂದೇ ಸಾಲಿಗೆ ತಂದರೆ ಸಾಕು, ಪೆಟ್ಟಿಗೆ ಇಳಿಸಬೇಕಾಗಿಲ್ಲ.

ಟ್ರಾನ್ಸ್‌ಫರ್ ಕೇಸಿನ ಲಿವರು ಫೋರ್ ವೀಲಿನಿಂದ ಹೊರಬರದೆ ಹಟ ಹಿಡಿಯುವುದು ಬಹುಪಾಲು ದೋಷವೇ ಅಲ್ಲ. ಈ ಗಾಡಿಗಳಲ್ಲಿ ಮುಂದಣ ಹಿಂದಣ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ; ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ; ಕೆಸರಿನಲ್ಲಿ ಈ ವ್ಯತ್ಯಾಸ ಚಕ್ರ ಜಾರಿ ತೀರಿಹೋಗುತ್ತದೆ, ಒಣಗಿದ ಟಾರು ರಸ್ತೆಯಲ್ಲಿ ಮಾತ್ರ ಹೋಗಲು ದಾರಿಯಿಲ್ಲದೆ ಶಾಫ್ಟುಗಳಲ್ಲಿ ಬಿಗಿತವಾಗಿ ಶೇಖರಗೊಂಡು ಗೇರಿನ ಹಲ್ಲುಗಳನ್ನು ಕಚ್ಚಿ ಹಿಡಿಯುತ್ತದೆ. ಸುತ್ತಿಗೆ ತರುವ ಮುನ್ನ ಗಾಡಿಯನ್ನು ಕೆಲವು ಗಜ ನೇರವಾಗಿ ಹಿಂದಕ್ಕೆ ಓಡಿಸಿದರೆ, ಅಥವಾ ಮಣ್ಣಿನ ಅಂಚಿಗೆ ಇಳಿಸಿದರೆ, ಬಿಗಿತ ಬಿಟ್ಟು ಲಿವರು ತಾನೇ ಜಾರಿ ಬರುತ್ತದೆ.

ಕಾಡಿನ ನಡುವೆ ಕೈಕೊಟ್ಟರೆ

ಕೇಬಲ್ ಹರಿದೋ ಫ್ಲೂಯಿಡ್ ಖಾಲಿಯಾಗಿಯೋ ಕ್ಲಚ್ಚು ಸಂಪೂರ್ಣವಾಗಿ ಕೈಕೊಟ್ಟರೂ, ಗೇರ್ ಬಾಕ್ಸ್ ಸರಿಯಿದ್ದರೆ, ಜೀಪು ಮನೆ ಸೇರಬಹುದು. ಇಂಜಿನ್ ಆರಿಸಿ, ಲೋ ಸಾಲಿನಲ್ಲಿ ಫಸ್ಟ್ ಹಾಕಿ, ಆಕ್ಸಿಲರೇಟರ್ ತುಸುವೇ ಒತ್ತಿ ಸ್ಟಾರ್ಟರ್ ತಿರುಗಿಸಿದರೆ ಗಾಡಿ ಜಗ್ಗುತ್ತ ಚಲಿಸಿ ಇಂಜಿನ್ ಹತ್ತಿಕೊಳ್ಳುತ್ತದೆ. ಇಳಿಜಾರಿಗೆ ಮುಖ ಮಾಡಿಕೊಂಡರೆ ಸ್ಟಾರ್ಟರಿಗೆ ಭಾರವೂ ಕಡಿಮೆ. ಹೊಸ ಗಾಡಿಗಳಲ್ಲಿ ಕ್ಲಚ್ ಪೆಡಲ್ ಒತ್ತದೆ ಸ್ಟಾರ್ಟರ್ ತಿರುಗದಂತೆ ಸ್ವಿಚ್ಚಿರುತ್ತದೆ, ಆದರೆ ಆ ಸ್ವಿಚ್ಚು ನೋಡುವುದು ಪೆಡಲನ್ನೇ ಹೊರತು ಪ್ಲೇಟನ್ನಲ್ಲ. ಕೆಟ್ಟ ಪೆಡಲನ್ನು ಒತ್ತಿಯೇ ಸ್ಟಾರ್ಟ್ ಮಾಡಬಹುದು. ಹೊರಟ ಮೇಲೆ ಗೇರ್ ಏರಿಸಬೇಕಾದರೆ ಆಕ್ಸಿಲರೇಟರ್ ಬಿಟ್ಟೊಡನೆ ಹಗುರಾಗುವ ಕ್ಷಣದಲ್ಲಿ ನ್ಯೂಟ್ರಲ್ಲಿಗೆ ಎಳೆದು, ಇಂಜಿನ್ನಿನ ವೇಗ ಇಳಿಯುವವರೆಗೆ ಕಾದು, ಲಿವರನ್ನು ಮುಂದಿನ ಗೇರಿನ ಬಾಯಿಗೆ ಮೃದುವಾಗಿ ಒತ್ತಿ ಹಿಡಿದರೆ ವೇಗಗಳು ಸಮವಾದಾಗ ಅದು ತಾನೇ ಒಳಬೀಳುತ್ತದೆ, ಬಲಾತ್ಕಾರ ಬೇಡ. ಪ್ರತಿಯೊಂದು ನಿಲುಗಡೆಗೂ ಇಂಜಿನನ್ನು ಆರಿಸಲೇಬೇಕಾದ್ದರಿಂದ ಪೇಟೆಯ ನಡುವೆ ಈ ವಿದ್ಯೆ ನಡೆಯದು. ಏರಿನ ನಡುವೆ ಇಂಜಿನ್ ನಿಂತರೂ ಇದೇ ಉಪಾಯ ಇನ್ನೊಂದು ರೂಪದಲ್ಲಿ ಒದಗುತ್ತದೆ: ಬ್ರೇಕ್ ಒತ್ತಿ ಹಿಡಿದು, ಲೋ ರಿವರ್ಸ್ ಹಾಕಿ, ಕ್ಲಚ್ ಒತ್ತದೆ ಬ್ರೇಕ್ ಸಡಿಲಿಸುತ್ತ ಸ್ಟಾರ್ಟ್ ಮಾಡಿದರೆ, ಗಾಡಿ ಇಂಜಿನ್ನಿನ ಹಿಡಿತದಲ್ಲಿಯೇ ನೇರವಾಗಿ ಹಿಂದಕ್ಕಿಳಿದು ಬುಡ ಸೇರುತ್ತದೆ. ಪೆಡಲ್ ಒತ್ತದೆ ಸ್ಟಾರ್ಟರ್ ತಿರುಗದ ಹೊಸ ಗಾಡಿಯ ಸರಿಯಿರುವ ಕ್ಲಚ್ಚಿನಲ್ಲಿ ಇದು ಸಾಧ್ಯವಿಲ್ಲ, ಅಲ್ಲಿ ಸ್ಟಾರ್ಟ್ ಮಾಡಿದೊಡನೆ ಪೆಡಲನ್ನು ಪೂರ್ತಿ ಬಿಟ್ಟು ಆಮೇಲೆ ಬ್ರೇಕ್ ಸಡಿಲಿಸಬೇಕು.

ಇಳಿಸಲೇಬೇಕಾದಾಗ

ಕಡೆಗೆ ಪೆಟ್ಟಿಗೆಯನ್ನು ಇಳಿಸುವುದೇ ಅನಿವಾರ್ಯವಾದರೆ, ಇಳಿಸುವ ಕೂಲಿಯೇ ದೊಡ್ಡದಾದ್ದರಿಂದ ಪ್ಲೇಟೊಂದನ್ನೇ ಬದಲಿಸಿ ಮುಗಿಸಬಾರದು. ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಣ ಪೈಲಟ್ ಬೇರಿಂಗು ಇವನ್ನೂ ಕೂಡಿಯೇ ಬದಲಿಸಿ, ಇಂಜಿನ್ನಿನ ಹಿಂದಣ ಸೀಲು ಸೋರುತ್ತಿದೆಯೇ ಎಂದು ನೋಡಿ, ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆಗಳೂ ಕೂದಲು ಬಿರುಕುಗಳೂ ಇದ್ದರೆ ಲೇತಿಗೆ ಕಳುಹಿಸಬೇಕು. ಹಳೆಯ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವಿದೆ. ಹೌಸಿಂಗಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವಂತೆ ಹೇಳತಕ್ಕದ್ದು. ಹೊಸ ಪ್ಲೇಟಿನ ಲೈನಿಂಗನ್ನು ಗ್ರೀಸ್ ಕೈಯಲ್ಲಿ ಮುಟ್ಟಬಾರದು, ಯಾವ ಮುಖ ಫ್ಲೈವೀಲಿನ ಕಡೆಗೆಂಬುದನ್ನು ನೋಡಿ ಕೂರಿಸಬೇಕು, ನಡುವನ್ನು ಹಳೆಯ ಶಾಫ್ಟಿನ ತುಂಡಿನಿಂದ ಸರಿಹೊಂದಿಸಿ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಗೇರ್ ಬಾಕ್ಸನ್ನು ಮತ್ತೆ ಏರಿಸುವಾಗ ಅದರ ಭಾರವೆಲ್ಲ ಪ್ಲೇಟಿನ ನಡುವಿಗೆ ಬಿದ್ದು ಜೋಲಾಡಿದರೆ ಪ್ಲೇಟು ಅಲ್ಲಿಯೇ ಬಾಗುತ್ತದೆ, ಆಮೇಲೆ ಹೊಸ ಕ್ಲಚ್ಚೂ ಬಿಡುವುದಿಲ್ಲ. ಆದ್ದರಿಂದ ಬೋಲ್ಟುಗಳು ಕೂರುವವರೆಗೆ ಜ್ಯಾಕಿನ ಆಸರೆಯನ್ನು ತೆಗೆಯಕೂಡದು. ಆಯಿಲ್ ತುಂಬಿದ್ದಾರೆಯೇ ಎಂದು ಫಿಲ್ಲರ್ ಪ್ಲಗ್ಗಿನಲ್ಲಿ ಬೆರಳಿಟ್ಟು ನೋಡಿದ ಮೇಲೆಯೇ ಗಾಡಿಯನ್ನು ಶೆಡ್ಡಿನಿಂದ ಹೊರಡಿಸಬೇಕು. ಹೊಸ ಲೈನಿಂಗು ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರು ಬೇಕಾಗುವುದರಿಂದ ಅಷ್ಟು ದೂರ ಭಾರ ಎಳೆಯದೆ, ಕಡಿದಾದ ಏರುಗಳನ್ನು ಸಾಧ್ಯವಾದಷ್ಟು ಬಿಟ್ಟು ಓಡಿಸಿ, ಕೇಬಲ್ಲಿನ ಗಾಡಿಯಾದರೆ ಪೆಡಲಿನ ಪ್ಲೇಯನ್ನು ಟೇಪು ಹಿಡಿದು ಮತ್ತೊಮ್ಮೆ ಅಳೆದು ನಟ್ಟನ್ನು ಹೊಂದಿಸತಕ್ಕದ್ದು.